ಹಳೆಯ ವಾಲ್ವ್ ಟಿವಿಗೆ ಮರುಜೀವ

ಪ್ರಶ್ನೆ: ಅಟ್ಟದಲ್ಲಿದ್ದ ಕಪ್ಪು-ಬಿಳುಪು ವಾಲ್ವ್ ಟಿವಿಯನ್ನು ಕೆಳಗಿಳಿಸಿದ್ದೇನೆ. ಪ್ಲಗ್ ಹಾಕಿ ನೋಡಲೇ? ವಾಲ್ವ್‌ಗಳನ್ನೆಲ್ಲ ಬದಲಿಸಬೇಕೇ?

ಉತ್ತರ: ದಯವಿಟ್ಟು ಈಗಲೇ ಪ್ಲಗ್ ಹಾಕಬೇಡಿ! ವಾಲ್ವ್‌ಗಳು (ಒಳಗಿನ ಗಾಜಿನ ನಿರ್ವಾತ ನಳಿಕೆಗಳು) ಬಹುಮಟ್ಟಿಗೆ ಚೆನ್ನಾಗಿಯೇ ಇರುತ್ತವೆ, ಕೆಡುವುದು ಕೆಪಾಸಿಟರ್‌ಗಳು (ಚಾರ್ಜ್ ಹಿಡಿದಿಡುವ ಬಿಡಿಭಾಗಗಳು). ಮೇಣದ ಹೊದಿಕೆಯ ಪೇಪರ್ ಕೆಪಾಸಿಟರ್‌ಗಳನ್ನು ಹತ್ತಿರದಿಂದ ನೋಡಿ: ತುದಿಯಲ್ಲಿ ಮೇಣ ಕರಗಿ ಇಳಿದು, ಅದರ ಮೇಲೆ ಧೂಳು ಕೂತಿರುತ್ತದೆ. ನೋಡಲು ಚೆನ್ನಾಗಿದ್ದರೂ ನಂಬಬೇಡಿ, ಎಲ್ಲವನ್ನೂ ತೆಗೆಯಿರಿ. ಅದೇ ಮೌಲ್ಯದ, ಅಷ್ಟೇ ಅಥವಾ ಹೆಚ್ಚು ವೋಲ್ಟೇಜಿನ ಫಿಲ್ಮ್ ಕೆಪಾಸಿಟರ್ ಹಾಕಿ. ಒಂದನ್ನು ಬೆಸೆದು ಮುಗಿಸಿದ ಮೇಲೇ ಇನ್ನೊಂದಕ್ಕೆ ಕೈಹಾಕಿ. ಒಟ್ಟಿಗೆ ಕಿತ್ತರೆ ಯಾವ ತಂತಿ ಎಲ್ಲಿಗೆಂದು ಹುಡುಕುವುದೇ ಕೆಲಸವಾಗುತ್ತದೆ. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳನ್ನೂ ಬದಲಿಸಿ, ಧನ-ಋಣ ತುದಿ ಅದಲುಬದಲಾಗದಿರಲಿ. ಕರೆಂಟ್ ಹರಿವನ್ನು ಮಿತಿಗೊಳಿಸುವ ಕಾರ್ಬನ್ ರೆಸಿಸ್ಟರ್‌ಗಳ ಮೌಲ್ಯ ವರ್ಷ ಕಳೆದಂತೆ ಏರುತ್ತದೆ. ಒಂದು ತುದಿ ಬಿಡಿಸಿ ಅಳೆಯಿರಿ, ಮೂಲ ಮೌಲ್ಯಕ್ಕಿಂತ 20 ಶೇಕಡಾ ಮೀರಿ ಏರಿದ್ದರೆ ಹೊಸದು ಹಾಕಿ.

ನನಗೆ ನಿಜವಾದ ಆತಂಕ ನಿಮ್ಮ ಸುರಕ್ಷತೆಯದು. ಪಿಕ್ಚರ್ ಟ್ಯೂಬಿನ ಆನೋಡ್‌ಗೆ (ಧನ ತುದಿಗೆ) 10,000 ವೋಲ್ಟಿಗೂ ಹೆಚ್ಚು ಬರುತ್ತದೆ, ಪ್ಲಗ್ ತೆಗೆದ ಮೇಲೂ ಚಾರ್ಜ್ ಉಳಿಯುತ್ತದೆ. ಎಷ್ಟೋ ಸೆಟ್‌ಗಳಲ್ಲಿ ಚಾಸಿಯೇ (ಒಳಗಿನ ಲೋಹದ ಚೌಕಟ್ಟೇ) ಮೇನ್ಸ್‌ಗೆ, ಅಂದರೆ ಮನೆಯ ಕರೆಂಟಿಗೆ, ನೇರ ಜೋಡಣೆ. ಟ್ಯೂಬ್ ಡಿಸ್ಚಾರ್ಜ್ ಮಾಡುವುದನ್ನು (ಉಳಿದ ಚಾರ್ಜ್ ಖಾಲಿ ಮಾಡುವುದನ್ನು) ಬಲ್ಲವರ ಪಕ್ಕದಲ್ಲಿ ನಿಂತು ಕಲಿಯಿರಿ. ಮೊದಲ ಸಲ ಸೀರೀಸ್ ಬಲ್ಬ್ (ಟಿವಿಗೆ ಹೋಗುವ ಕರೆಂಟಿನ ದಾರಿಯಲ್ಲೇ ಜೋಡಿಸಿದ ಬಲ್ಬ್) ಮೂಲಕವೇ ಕರೆಂಟ್ ಕೊಡಿ. ಬಲ್ಬ್ ಪೂರ್ತಿ ಪ್ರಕಾಶದಲ್ಲೇ ಉರಿಯುತ್ತಿದ್ದರೆ ಒಳಗೆ ಶಾರ್ಟ್ ಇದೆ, ತಕ್ಷಣ ಆರಿಸಿ.