ಹಿತ್ತಲಿನ ಆಪೂಸಿನ ಮರಕ್ಕೆ ಮೂರು ವರ್ಷ ಕೊಡಿ

ಪ್ರಶ್ನೆ: ನಮ್ಮ ಮನೆ ಧಾರವಾಡದ ಸಪ್ತಾಪುರದಲ್ಲಿದೆ. ಹಿತ್ತಲು 20 ಅಡಿ ಅಗಲ, 30 ಅಡಿ ಉದ್ದ. ನಮ್ಮ ಮಾವನವರು ನೆಟ್ಟ ಆಪೂಸು ಮಾವಿನ ಗಿಡಕ್ಕೆ ಈಗ 25 ವರ್ಷ. ಮಾಳಿಗೆಯನ್ನೂ ಮೀರಿ ಬೆಳೆದಿದೆ. ಹಿತ್ತಲಿಗೆ ಬಿಸಿಲು ಬೀಳುವುದಿಲ್ಲ, ಬಟ್ಟೆ ಒಣಗುವುದಿಲ್ಲ. ಹಣ್ಣು ತುದಿಯಲ್ಲಷ್ಟೇ, ಅದೂ ವರ್ಷ ಬಿಟ್ಟು ವರ್ಷ. ಎಲೆ ಬಿದ್ದು ಪಕ್ಕದ ಮನೆಯ ಮಾಳಿಗೆಯ ನೀರಿನ ಕೊಳವೆ ಕಟ್ಟಿಕೊಳ್ಳುತ್ತದೆ. ಮರ ಕಡಿಯುವವರು ‘ಹತ್ತು ಅಡಿಗೆ ಕತ್ತರಿಸಿಬಿಡೋಣ, ಮತ್ತೆ ಚಿಗುರುತ್ತದೆ’ ಎನ್ನುತ್ತಾರೆ. ಅತ್ತೆಯವರು ಒಪ್ಪುತ್ತಿಲ್ಲ. ಏನು ಮಾಡಬೇಕು?
– ಓದುಗರು, ಧಾರವಾಡ

ಉತ್ತರ: ನಿಮ್ಮ ಅತ್ತೆಯವರು ಒಪ್ಪದಿರುವುದೇ ಸರಿ. ಕತ್ತರಿಸಿದರೆ ಚಿಗುರುತ್ತದೆ ಎಂಬುದು ಸುಳ್ಳಲ್ಲ, ಆದರೆ ಹೇಗೆ ಚಿಗುರುತ್ತದೆ ಎಂಬುದನ್ನು ಮರ ಕಡಿಯುವವರು ಹೇಳಿಲ್ಲ. ಮೋಟು ಮಾಡಿದ ಬೊಡ್ಡೆಯ ಸುತ್ತ ಕಸಬರಿಗೆಯ ಕಡ್ಡಿಗಳಂತೆ ಹತ್ತಾರು ಚಿಗುರು ಏಳುತ್ತವೆ. ಅವು ಮರದ ಒಳತಿರುಳಿನಿಂದ ಬಂದವಲ್ಲ, ತೊಗಟೆಯ ಕೆಳಗಿನ ಪದರಕ್ಕೆ ಅಂಟಿಕೊಂಡಂಥವು. ಕೆಲವು ವರ್ಷಗಳಲ್ಲಿ ತೋಳಿನ ಗಾತ್ರವಾಗುತ್ತವೆ, ಮೇ ತಿಂಗಳ ಗುಡುಗು ಗಾಳಿ ಬೀಸಿದ ದಿನ ಬುಡಸಹಿತ ಸೀಳಿ ಬೀಳುತ್ತವೆ. ಹುಬ್ಬಳ್ಳಿಯ ಒಂದು ಹಿತ್ತಲಿನಲ್ಲಿ ಹೀಗೆ ತಲೆ ಕಡಿದ ಮರವನ್ನು ನಾಲ್ಕು ವರ್ಷದ ನಂತರ ನೋಡಿದೆ. ಕತ್ತರಿಸಿದ ಜಾಗದಲ್ಲಿ ನೀರು ನಿಂತು ಬೊಡ್ಡೆ ಒಳಗೊಳಗೇ ಟೊಳ್ಳಾಗಿತ್ತು. ಎತ್ತರ ಮಾತ್ರ ಮೊದಲಿನಷ್ಟೇ ಆಗಿತ್ತು. ಆ ಮನೆಯ ಹಿರಿಯರು ಮರದ ಮೈ ಸವರುತ್ತ ಸುಮ್ಮನೆ ನಿಂತಿದ್ದು ಇಂದಿಗೂ ನನ್ನ ಕಣ್ಣ ಮುಂದಿದೆ.

ನಿಮ್ಮ ಮರದ ಎತ್ತರವನ್ನು 18–20 ಅಡಿಗೆ ಇಳಿಸಬಹುದು. ಅದಕ್ಕೆ ಮೂರು ವರ್ಷ ಬೇಕು. ಒಂದು ವರ್ಷದಲ್ಲಿ ಒಟ್ಟು ಹಸಿರಿನ ಕಾಲು ಭಾಗಕ್ಕಿಂತ ಹೆಚ್ಚು ತೆಗೆಯಬೇಡಿ.

ಕಾಲ ಮುಖ್ಯ. ಆಪೂಸು ಡಿಸೆಂಬರ್–ಜನವರಿಯಲ್ಲಿ ಹೂ ಬಿಡುವುದು ಬಲಿತ ಚಿಗುರಿನ ತುದಿಯಲ್ಲಿ. ದೀಪಾವಳಿ ಹೊತ್ತಿಗೆ ಕತ್ತರಿ ಆಡಿಸಿದರೆ ಬರಬೇಕಾದ ಹೂವನ್ನೇ ಕತ್ತರಿಸಿದಂತೆ. ನಮ್ಮ ಕಡೆ ಕಾರ ಹುಣ್ಣಿಮೆಯ ಆಸುಪಾಸಿನಲ್ಲಿ ಹಣ್ಣಿನ ಕೊಯ್ಲು ಮುಗಿಯುತ್ತದೆ. ಆಗ ಮಳೆ ಬಿಡುವು ಕೊಟ್ಟು ಒಂದೆರಡು ದಿನ ಒಣಗಿದಾಗ ಕೆಲಸ ಮಾಡಿಸಿ. ಜೂನ್ ಮುಗಿಯುವುದರೊಳಗೆ ಸವರಿದರೆ ಹೊಸ ಚಿಗುರು ಬಲಿಯಲು ಐದಾರು ತಿಂಗಳು ಸಿಗುತ್ತದೆ. ಆದರೂ ಕತ್ತರಿಸಿದ ಭಾಗದಲ್ಲಿ ಮರುವರ್ಷ ಹೂ ಕಡಿಮೆಯೇ. ಮೂರು ಕಂತಿನಲ್ಲಿ ಮಾಡಿದರೆ ಉಳಿದ ಭಾಗದಲ್ಲಿ ಮನೆಮಂದಿಗೆ ತಿನ್ನುವಷ್ಟು ಹಣ್ಣು ಸಿಗುತ್ತದೆ.

ಮೊದಲ ವರ್ಷ ಮರದ ನಡುವೆ ನೆಟ್ಟಗೆ ಮೇಲೇರಿದ ಒಂದು ಅಥವಾ ಎರಡು ದೊಡ್ಡ ಟೊಂಗೆಗಳನ್ನು ಅವು ಹುಟ್ಟಿದ ಕವಲಿನವರೆಗೆ ಪೂರ್ತಿ ತೆಗೆಸಿ. ಇಷ್ಟರಿಂದಲೇ ನಡುವಿನ ಬಾವಿಯೊಳಗೆ ಬಿಸಿಲಿಳಿದಂತೆ ಬೆಳಕು ಕೆಳಗೆ ಬರುತ್ತದೆ, ಗಾಳಿಯಾಡುತ್ತದೆ. ದಟ್ಟ ನೆರಳಿನಲ್ಲಿ ಬೀಡುಬಿಡುವ ಜಿಗಿಹುಳುವಿನ ಕಾಟವೂ ತಗ್ಗುತ್ತದೆ. ಎರಡನೇ ವರ್ಷ ಪಕ್ಕದ ಮಾಳಿಗೆಯ ಕಡೆ ಚಾಚಿದವು, ಮೂರನೇ ವರ್ಷ ಉಳಿದ ಎತ್ತರ. ಟೊಂಗೆಯನ್ನು ಗಿಡ್ಡ ಮಾಡುವಾಗ ಅದರ ದಪ್ಪದ ಮೂರನೇ ಒಂದು ಭಾಗವಾದರೂ ಇರುವ ಪಕ್ಕದ ಕವಲಿನ ಬಳಿ ಕತ್ತರಿಸಬೇಕು, ನಡುವೆ ಎಲ್ಲೋ ಮೋಟು ಬಿಡಬಾರದು.

ಕೊಡಲಿ, ಮಚ್ಚು ಬೇಡ, ಗರಗಸವೇ ಬೇಕು. ಭಾರದ ಟೊಂಗೆಯನ್ನು ಒಂದೇ ಕಡಿತಕ್ಕೆ ಕೆಡವಿದರೆ ಬೀಳುವಾಗ ಕಾಂಡದ ತೊಗಟೆಯನ್ನೂ ಸುಲಿದುಕೊಂಡು ಬೀಳುತ್ತದೆ. ಕಾಂಡದಿಂದ ಒಂದು ಅಡಿ ಆಚೆ, ಟೊಂಗೆಯ ಕೆಳಗಿನಿಂದ ಕಾಲು ಭಾಗ ಕೊಯ್ಯಿರಿ. ಅದರಿಂದ ಎರಡು ಇಂಚು ಆಚೆ ಮೇಲಿನಿಂದ ಕೊಯ್ದು ಭಾರ ಇಳಿಸಿ. ಟೊಂಗೆ ಹುಟ್ಟುವ ಕಡೆ ತೊಗಟೆ ಬಳೆ ತೊಟ್ಟಂತೆ ಉಬ್ಬಿರುತ್ತದೆ. ಉಳಿದ ಮೋಟನ್ನು ಆ ಬಳೆಯ ಹೊರಗೇ ಕೊಯ್ಯಿರಿ. ಗಾಯ ಮುಚ್ಚುವ ತೊಗಟೆ ಬೆಳೆಯುವುದು ಅಲ್ಲಿಂದ, ಆದ್ದರಿಂದ ಆ ಬಳೆಯನ್ನು ಕೆತ್ತಬೇಡಿ.

ದೊಡ್ಡ ಗಾಯಗಳಿಗೆ ಸೆಗಣಿ ಮೆತ್ತುವ ರೂಢಿ ಇದೆ, ಅದು ಬೇಡ. ಬದಲಿಗೆ ಗಾಯ ಕೊಳೆಯದಂತೆ ತಡೆಯುವ ಬೋರ್ಡೋ ಮುಲಾಮು ಹಚ್ಚಿ, ಅದು ಮನೆಯಲ್ಲೇ ಆಗುತ್ತದೆ. 100 ಗ್ರಾಂ ಮೈಲುತುತ್ತವನ್ನು (ತಾಮ್ರದ ಸಲ್ಫೇಟ್) ಅರ್ಧ ಲೀಟರ್ ನೀರಿನಲ್ಲಿ, 100 ಗ್ರಾಂ ಸುಣ್ಣವನ್ನು ಇನ್ನರ್ಧ ಲೀಟರ್ ನೀರಿನಲ್ಲಿ ಬೇರೆಬೇರೆಯಾಗಿ ಕರಗಿಸಿ, ನಂತರ ಕೂಡಿಸಿ. ಪ್ಲಾಸ್ಟಿಕ್ ಅಥವಾ ಮಣ್ಣಿನ ಪಾತ್ರೆ ಇರಲಿ. ಹೊಳೆಯುವ ಕಬ್ಬಿಣದ ಮೊಳೆ ಅದ್ದಿದಾಗ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ ಬೇಕು. ಅದೇ ದಿನ ಬಳಸಿ ಮುಗಿಸಿ. ಇಷ್ಟು ವರ್ಷ ನೆರಳಿನಲ್ಲಿದ್ದ ಟೊಂಗೆಗಳಿಗೆ ಈಗ ಒಮ್ಮೆಲೇ ಬಿಸಿಲು ತಾಗಿ ತೊಗಟೆ ಬಿರಿಯುತ್ತದೆ, ಅವುಗಳಿಗೆ ತಿಳಿಸುಣ್ಣ ಬಳಿಯಿರಿ.

ಮರ ಏರಿದವರು ಬಂದಳಿಕೆ (ಮರದ ಮೇಲೆ ಬೆಳೆದು ಅದರ ರಸ ಹೀರುವ ಗಿಡ) ಇದೆಯೇ ಎಂದು ತಪ್ಪದೆ ನೋಡಲಿ. ನಮ್ಮ ಭಾಗದ ಹಳೆಯ ಮಾವಿನ ಮರಗಳನ್ನು ಮೆಲ್ಲಗೆ ಕೊಲ್ಲುವುದು ಅದೇ. ಮಾವಿನದಲ್ಲದ ದಪ್ಪ ಎಲೆ, ಕೊಳವೆಯಂಥ ಕೆಂಪು–ಕಿತ್ತಳೆ ಹೂ ಕಂಡರೆ ಅನುಮಾನ ಬೇಡ. ಅದರ ಅಂಟು ಹಣ್ಣು ತಿಂದ ಹಕ್ಕಿ ಕೊಕ್ಕು ಒರೆಸಿದಲ್ಲೆಲ್ಲ ಬೀಜ ಅಂಟುತ್ತದೆ. ಬಂದಳಿಕೆಯನ್ನಷ್ಟೇ ಕಿತ್ತರೆ ಮತ್ತೆ ಬರುತ್ತದೆ, ಅದರ ಹೀರುಬೇರು ಕಟ್ಟಿಗೆಯೊಳಗೆ ಇಳಿದಿರುತ್ತದೆ. ಅದು ಅಂಟಿದ ಜಾಗಕ್ಕಿಂತ ಒಂದು ಅಡಿ ಕೆಳಗೆ ಟೊಂಗೆಯನ್ನೇ ತೆಗೆಯಿರಿ. ಈ ಕೆಲಸಕ್ಕೆ ಯಾವ ತಿಂಗಳಾದರೂ ಸರಿ, ಕಾಯಬೇಡಿ. ಕಾಂಡದ ರಂಧ್ರಗಳಿಂದ ಕಟ್ಟಿಗೆಪುಡಿ ಉದುರುತ್ತಿದ್ದರೆ ಕಾಂಡ ಕೊರೆಯುವ ಹುಳು ಒಳಗಿದೆ ಎಂದು ಅರ್ಥ, ತಂತಿ ಚುಚ್ಚಿ ಕೊಲ್ಲಿಸಿ.

ಮಾವಿನ ಸೊನೆ ಕಣ್ಣಿಗೆ, ಚರ್ಮಕ್ಕೆ ಅಪಾಯ. ಕನ್ನಡಕ, ತುಂಬುತೋಳಿನ ಅಂಗಿ ಇರಲಿ. ಟೊಂಗೆಗಳು ವಿದ್ಯುತ್ ತಂತಿಯ ಬಳಿ ಇದ್ದರೆ ಹೆಸ್ಕಾಂ ಕಚೇರಿಗೆ ತಿಳಿಸಿ, ಅವರು ವಿದ್ಯುತ್ ನಿಲ್ಲಿಸಿದ ಮೇಲೆಯೇ ಮರ ಏರಲಿ. ಇದರಲ್ಲಿ ಅವಸರ ಬೇಡವೇ ಬೇಡ.

ಎರಡು ತಿಂಗಳಿಗೆ ಗಾಯಗಳ ಸುತ್ತ ಚಿಗುರು ಒತ್ತೊತ್ತಾಗಿ ಬರುತ್ತವೆ. ಹೊರಮುಖವಾಗಿ ಬೆಳೆಯುವ ಎರಡು ಮೂರನ್ನು ಉಳಿಸಿ, ಉಳಿದವನ್ನು ಕೈಯಿಂದಲೇ ಮುರಿಯಿರಿ. ಹೆಚ್ಚಿನ ಮನೆಗಳಲ್ಲಿ ಈ ಕೆಲಸ ಮರೆತುಹೋಗುತ್ತದೆ, ಮೂರು ವರ್ಷದ ಶ್ರಮ ಅಲ್ಲೇ ಸೋರುತ್ತದೆ. ಅತ್ತೆಯವರಿಗೇ ಒಪ್ಪಿಸಿ, ಮರದ ಮೇಲೆ ಅವರಷ್ಟು ಕಣ್ಣಿಡುವವರು ಬೇರೆ ಯಾರಿದ್ದಾರೆ?

ಪ್ರಶ್ನೆ: ಹಿತ್ತಲಿನ ಪೇರಲ ಗಿಡವೂ ಹೀಗೆಯೇ ಬೆಳೆದಿದೆ. ಅದಕ್ಕೂ ಇದೇ ಕ್ರಮವೇ?
– ಓದುಗರು, ಗದಗ

ಉತ್ತರ: ಅಲ್ಲ. ಪೇರಲದ ಹೂ ಬರುವುದು ಹೊಸ ಚಿಗುರಿನಲ್ಲಿ. ಆದ್ದರಿಂದ ಧೈರ್ಯವಾಗಿ ಸವರಬಹುದು, ಅದೇ ವರ್ಷ ಕಾಯಿ ನೋಡಬಹುದು. ಮೇ ಕೊನೆಯಲ್ಲಿ ಟೊಂಗೆಗಳ ತುದಿಯನ್ನು ಅರ್ಧದಷ್ಟು ಕತ್ತರಿಸಿದರೆ ಚಳಿಗಾಲದ ಫಸಲು ಸಿಗುತ್ತದೆ, ರುಚಿಯೂ ಆಗಲೇ ಚೆನ್ನ. ಗದಗಿನಲ್ಲಿ ಮಳೆ ತಡವಾಗುವುದುಂಟು. ಕತ್ತರಿಸಿದ ವಾರದಲ್ಲಿ ಮಳೆ ಬಾರದಿದ್ದರೆ ನಾಲ್ಕು ಕೊಡ ನೀರು ಹಾಕಿ.