ಇಳಿಜಾರಿಗೆ ಯಾವ ಹುಲ್ಲು? ಲಾವಂಚ ಹಾಕಿ

ಅಕ್ಕ, ತುಮಕೂರು ಹತ್ತಿರದ ನಿಮ್ಮ ತೋಟದ ಮನೆ ಮುಂದೆ 40 ಅಡಿ ಉದ್ದದ ಇಳಿಜಾರಿದೆ, ಜೋರು ಮಳೆ ಬಂದರೆ ಕೆಮ್ಮಣ್ಣೆಲ್ಲ ಗೇಟಿನ ತನಕ ಹರಿದು ಬರುತ್ತದೆ ಅಂದಿರಿ. ವಾರಕ್ಕೊಮ್ಮೆ ಮಾತ್ರ ಹೋಗುತ್ತೀರಿ, ನೋಡುವುದಕ್ಕೂ ಚೆನ್ನಾಗಿರುವ ಹುಲ್ಲು ಬೇಕು. ನರ್ಸರಿಯವರು ಫೌಂಟನ್ ಗ್ರಾಸ್ ಹಾಕಿ ಅಂದಿದ್ದಾರೆ. ನನ್ನನ್ನು ಕೇಳಿದರೆ ಲಾವಂಚ ಹಾಕಿ.

ಫೌಂಟನ್ ಗ್ರಾಸಿನ ತೆನೆ ಚಂದವೇ. ಆದರೆ ಬೀಜ ಗಾಳಿಗೆ ಹಾರಿ ಎಲ್ಲೆಂದರಲ್ಲಿ ಹುಟ್ಟುತ್ತದೆ. ಹವಾಯಿ ದ್ವೀಪಗಳಲ್ಲಿ ಅಲಂಕಾರಕ್ಕೆ ಅಂತ ತಂದ ಈ ಹುಲ್ಲು ಈಗ ದೊಡ್ಡ ಕಳೆ. ಒಣಗಿ ನಿಂತಾಗ ಕಾಡಿಗೆ ಬೆಂಕಿ ಹಬ್ಬುವುದೂ ಅದರಿಂದಲೇ. ನಿಮ್ಮ ಪಕ್ಕದಲ್ಲಿ ರಾಗಿ ಹೊಲ ಇದೆ ಬೇರೆ. ಇನ್ನು ಲಾನಿಗೆ ಹಾಕುವ ಕೊರಿಯನ್ ಹುಲ್ಲಿಗೆ ನೀರು ಹಾಕುವುದು, ಕಳೆ ತೆಗೆಯುವುದು ಜಾಸ್ತಿ. ವಾರಕ್ಕೊಮ್ಮೆ ಹೋಗಿ ನೋಡಿಕೊಳ್ಳುವ ಹುಲ್ಲಲ್ಲ ಅದು.

ಲಾವಂಚ ನಮ್ಮದೇ ಹುಲ್ಲು. ಗುಂಡ್ಲುಪೇಟೆ ಕಡೆ ರೈತರು ಹೊಲದ ಗಡಿಗೆ ಇದನ್ನು ತಲೆಮಾರುಗಳಿಂದ ನೆಡುತ್ತಾ ಬಂದಿದ್ದಾರೆ. 1980ರ ದಶಕದಲ್ಲಿ ವಿಶ್ವಬ್ಯಾಂಕಿನವರು ಮಣ್ಣು ಉಳಿಸೋಕೆ ಲಾವಂಚ ಹಾಕಿ ಅಂತ ಊರೂರಿಗೆ ಹೇಳಲು ಶುರು ಮಾಡಿದರಲ್ಲ, ಅದಕ್ಕೂ ಎಷ್ಟೋ ಮುಂಚಿನಿಂದ ಇದು ಅಲ್ಲಿತ್ತು. ಇದರ ಬೇರು ಅಕ್ಕಪಕ್ಕ ಹರಡದೆ ನೇರ ಕೆಳಗಿಳಿಯುತ್ತದೆ. ಒಳ್ಳೆ ಮಣ್ಣಿನಲ್ಲಿ 3 ಮೀಟರ್ ಆಳಕ್ಕೂ ಹೋಗುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಮೇಲೆ ಒಣಗಿದಂತೆ ಕಂಡರೂ ಮಳೆ ಬಿದ್ದ ಕೂಡಲೇ ಚಿಗುರುತ್ತದೆ. ದಕ್ಷಿಣದಲ್ಲಿ ಬೆಳೆಸುವ ಜಾತಿ ಹೂ ಬಿಟ್ಟರೂ ಮೊಳೆಯುವಂಥ ಬೀಜ ಕಟ್ಟುವುದಿಲ್ಲ. ಉತ್ತರ ಭಾರತದ ಕಾಡು ಜಾತಿ ಬೀಜ ಬಿಡುತ್ತದೆ, ಅದು ಬೇಡ. ತರುವಾಗ ಎಲೆ ಉಜ್ಜಿ ಮೂಸಿ ನೋಡಿ. ನಿಂಬೆ ವಾಸನೆ ಬಂದರೆ ಅದು ಮಜ್ಜಿಗೆ ಹುಲ್ಲು. ಲಾವಂಚದ ಘಮ ಇರುವುದು ಬೇರಿನಲ್ಲಿ ಮಾತ್ರ.

ಈಗ ನೆಡುವ ವಿಷಯ. ಇದೇ ಮುಖ್ಯ. ಸಾಲು ಇಳಿಜಾರಿಗೆ ಅಡ್ಡವಾಗಿ, ಒಂದೇ ಮಟ್ಟದಲ್ಲಿ ಬರಬೇಕು. ಮೇಲಿಂದ ಕೆಳಕ್ಕೆ ದಾರಿಯುದ್ದಕ್ಕೂ ನೆಟ್ಟರೆ ನೋಡೋಕೆ ಬೇಲಿ ಥರ ಇರುತ್ತದೆ ಅಷ್ಟೇ, ನೀರು ಪಕ್ಕದಲ್ಲೇ ಮಣ್ಣು ಕೊರೆದುಕೊಂಡು ಹೋಗುತ್ತದೆ. ಕಣ್ಣಳತೆ ನಂಬಬೇಡಿ. ಗಾರೆ ಕೆಲಸದವರ ಹತ್ತಿರ ನೀರು ತುಂಬಿ ಮಟ್ಟ ನೋಡುವ ಟ್ಯೂಬ್ ಇರುತ್ತದೆ, ಅದರಿಂದ ಗುರುತು ಹಾಕಿಸಿ, ಸುಣ್ಣ ಎಳೆದುಬಿಡಿ.

ಬುಡವನ್ನು ಅಗೆದು ತಂದ ಮೇಲೆ ಕೈಯಿಂದಲೇ ಸೀಳಿ. ಒಂದೊಂದು ಹಿಡಿಯಲ್ಲಿ ಎರಡು ಮೂರು ತೆಂಡೆ, ಅಂದರೆ ಬುಡದಿಂದ ಒಡೆದ ಮರಿ, ಇರಲಿ. ಎಲೆಯನ್ನು ಒಂದು ಗೇಣಿಗೆ ಕತ್ತರಿಸಿ, ಬೇರನ್ನು ನಾಲ್ಕು ಇಂಚಿಗೆ. ಇಷ್ಟು ಮೊಟಕು ಮಾಡಿದರೆ ಸಾಯುತ್ತದೇನೋ ಅನ್ನಿಸುತ್ತದೆ, ಸಾಯುವುದಿಲ್ಲ. ಎಲೆ ಉದ್ದ ಬಿಟ್ಟರೇ ತೇವ ಆರಿ ಒಣಗುವುದು. ಬೇರನ್ನು ಸಗಣಿ ಬಗ್ಗಡದಲ್ಲಿ ಅದ್ದಿ, ತೇವದ ಗೋಣಿಚೀಲದಲ್ಲಿ ಮುಚ್ಚಿಟ್ಟುಕೊಂಡು ಅವತ್ತೇ ನೆಡಿ. ನಾಲ್ಕೈದು ಇಂಚು ಆಳದ ಕಾಲುವೆ ತೆಗೆದು, ಸ್ವಲ್ಪ ಕೊಟ್ಟಿಗೆ ಗೊಬ್ಬರ ಹಾಕಿ, ಬುಡದ ಮಣ್ಣನ್ನು ಕಾಲಲ್ಲಿ ಗಟ್ಟಿಯಾಗಿ ತುಳಿಯಿರಿ. ಆರು ಇಂಚಿಗೊಂದರಂತೆ 40 ಅಡಿಯ ಒಂದು ಸಾಲಿಗೆ 80 ಹಿಡಿ ಬೇಕು. ಒಂದಡಿಗೆ ಒಂದು ಸಾಕು ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಸಂದಿ ಉಳಿದ ಕಡೆಯೇ ನೀರು ನುಗ್ಗುತ್ತದೆ.

ಮಳೆ ಹಿಡಿದ ಮೇಲೆ, ಜೂನ್‌ನಿಂದ ಆಗಸ್ಟ್ ಒಳಗೆ ನೆಡಿ. ಮಳೆ ಕೈಕೊಟ್ಟರೆ ಮೊದಲ ಒಂದೂವರೆ ತಿಂಗಳು ವಾರಕ್ಕೆ ಎರಡು ಸಲವಾದರೂ ನೀರು ಬೇಕು. ಇದೊಂದಕ್ಕೆ ಪಕ್ಕದ ಹೊಲದವರಿಗೆ ಹೇಳಿಟ್ಟಿರಿ. ಮೂರು ವಾರ ಆದ ಮೇಲೆ ಎಲೆ ಹಿಡಿದು ಮೆಲ್ಲಗೆ ಎಳೆದು ನೋಡಿ. ಬಿಗಿಯಾಗಿದ್ದರೆ ಬೇರು ಬಿಟ್ಟಿದೆ. ಸುಲಭವಾಗಿ ಬಂದರೆ ತೆಗೆದು ಅಲ್ಲೇ ಹೊಸದು ಹಾಕಿ. ಮೂರು ತಿಂಗಳು ಕಳೆ ತೆಗೆಯಬೇಕು. ಆಮೇಲೆ ಕಳೆಗೆ ಅದೇ ಜಾಗ ಕೊಡುವುದಿಲ್ಲ. ಮರದ ನೆರಳಲ್ಲಿ ಮಾತ್ರ ಏಳುವುದಿಲ್ಲ, ಬಿಸಿಲು ಚೆನ್ನಾಗಿ ಬೀಳಬೇಕು.

ಬೇರು ಹಿಡಿದ ಮೇಲೆ ವರ್ಷಕ್ಕೆ ಎರಡು ಸಲ ಕತ್ತರಿಸಿದರೆ ಮುಗಿಯಿತು. ಮುಂಗಾರಿಗೆ ಮೊದಲು ಒಮ್ಮೆ, ಹೂ ಮುಗಿದ ಮೇಲೆ ಒಮ್ಮೆ, ಮಂಡಿ ಎತ್ತರಕ್ಕೆ. ಬಿಟ್ಟರೆ ಆಳೆತ್ತರ ಬಂದು ಬಾಗುತ್ತದೆ, ಅದೂ ಒಂಥರಾ ಚಂದ. ಆದರೆ ಕತ್ತರಿಸಿದಷ್ಟೂ ತೆಂಡೆ ಒಡೆದು ಸಾಲು ಒತ್ತಾಗುತ್ತದೆ. ಒಣಗಿದ ಕಡ್ಡಿ ಬುಡದಲ್ಲೇ ಉಳಿದರೆ ಗೆದ್ದಲು ಬರುತ್ತದೆ, ಅದನ್ನು ಎಳೆದು ತೆಗೆಯಿರಿ. ಎಲೆ ಅಂಚು ಕೈ ಗೀರುತ್ತದೆ, ತುಂಬು ತೋಳಿನ ಅಂಗಿ ಹಾಕಿಕೊಳ್ಳಿ. ಕತ್ತರಿಸಿದ ಹುಲ್ಲನ್ನು ಸುಡಬೇಡಿ, ತೆಂಗಿನ ಪಾತಿಗೆ ಒಳ್ಳೆ ಹೊದಿಕೆ.

ಕುಡಿಯುವ ನೀರಿನ ಮಡಕೆಗೆ ಹಾಕೋಕೆ ಬೇರು ತೆಗೆಯಬಹುದಾ ಅಂತಲೂ ಕೇಳಿದ್ದೀರಿ. ಈ ಸಾಲಿನಿಂದ ದಯವಿಟ್ಟು ತೆಗೆಯಬೇಡಿ. ಅಗೆದ ಕಡೆ ಮಣ್ಣು ಸಡಿಲವಾಗಿ ಇಷ್ಟು ಮಾಡಿದ್ದೆಲ್ಲ ದಂಡವಾಗುತ್ತದೆ. ಅದಕ್ಕೆ ಅಂತಲೇ ಎರಡು ಹಿಡಿಯನ್ನು ತೂತು ಮಾಡಿದ ಹಳೇ ಡ್ರಮ್ಮಿನಲ್ಲಿ, ಮರಳು ಜಾಸ್ತಿ ಇರುವ ಮಣ್ಣು ತುಂಬಿ ಬೆಳೆಸಿ. ಒಂದೂವರೆ ವರ್ಷಕ್ಕೆ ಡ್ರಮ್ ಬೋರಲು ಹಾಕಿದರೆ ಬೇರು ಮುರಿಯದೆ ಸಿಗುತ್ತದೆ. ತೊಳೆದು ನೆರಳಲ್ಲಿ ಒಣಗಿಸಿ, ತೆಂಡೆಯನ್ನು ಮತ್ತೆ ಅದೇ ಡ್ರಮ್ಮಿಗೆ ನೆಡಿ.