ಹೀಟ್ ಪಂಪ್ ಹಾಕಿಸಿದರೆ ನಿಜವಾಗಿ ಎಷ್ಟು ಉಳಿಯುತ್ತದೆ?

ಪ್ರಶ್ನೆ: ನಮ್ಮ ಮನೆ ತುಮಕೂರಿನ ಎಸ್.ಐ.ಟಿ. ಬಡಾವಣೆಯಲ್ಲಿದೆ. ಐದು ಜನ ಇದ್ದೇವೆ. ಸ್ನಾನದ ನೀರಿಗೆ 25 ಲೀಟರಿನ ಗೀಸರ್ ಇದೆ. 2022–23ರಲ್ಲಿ ನಮ್ಮ ಸರಾಸರಿ ಬಳಕೆ 165 ಯೂನಿಟ್ ಇತ್ತು. ಈಗ ತಿಂಗಳಿಗೆ 230 ದಾಟುತ್ತಿರುವುದರಿಂದ ಗೃಹಜ್ಯೋತಿಯ ಪ್ರಯೋಜನ ಸಿಗದೆ ಪೂರ್ತಿ ಬಿಲ್ಲು ಕಟ್ಟುತ್ತಿದ್ದೇವೆ. 1,10,000 ರೂಪಾಯಿ ಕೊಟ್ಟು ಹೀಟ್ ಪಂಪ್ ಹಾಕಿಸಿಕೊಂಡರೆ ಶೇ. 75ರಷ್ಟು ಕರೆಂಟು ಉಳಿಯುತ್ತದೆ ಎಂದು ಅಂಗಡಿಯವರು ಹೇಳುತ್ತಿದ್ದಾರೆ. ನಂಬಬಹುದೇ?

ಉತ್ತರ: ಅಂಗಡಿಯವರು ಸುಳ್ಳು ಹೇಳಿಲ್ಲ, ಆದರೆ ಶೇ. 75 ಎಂದರೆ ಯಾವುದರ ಶೇ. 75 ಎಂಬುದನ್ನು ಬಿಡಿಸಿಯೂ ಹೇಳಿಲ್ಲ. ಅದು ನಿಮ್ಮ ಬಿಲ್ಲಿನ ಮುಕ್ಕಾಲು ಪಾಲಲ್ಲ, ನೀರು ಕಾಯಿಸುವುದಕ್ಕೆ ಹೋಗುವ ಕರೆಂಟಿನ ಮುಕ್ಕಾಲು ಪಾಲು. ಅದೂ ಯಂತ್ರವು ತನಗೆ ಅನುಕೂಲವಾದ ಹವೆಯಲ್ಲಿ ಕೆಲಸ ಮಾಡಿದಾಗ ಮಾತ್ರ.

ಗೀಸರಿನ ಕಾಯಿಲ್ ಒಂದು ಯೂನಿಟ್ ಕರೆಂಟನ್ನು ಒಂದು ಯೂನಿಟ್ ಶಾಖವಾಗಿಯೇ ಕೊಡುತ್ತದೆ, ಅದಕ್ಕಿಂತ ಹೆಚ್ಚು ಕೊಡಲು ಅದಕ್ಕೆ ಸಾಧ್ಯವಿಲ್ಲ. ಹೀಟ್ ಪಂಪ್ ಶಾಖವನ್ನು ಹುಟ್ಟಿಸುವುದಿಲ್ಲ, ಸಾಗಿಸುತ್ತದೆ. ಫ್ರಿಜ್ ತನ್ನ ಒಳಗಿನ ಶಾಖವನ್ನು ಎಳೆದು ಬೆನ್ನಿನ ಕಡೆಯಿಂದ ಹೊರಗೆ ಬಿಡುವ ಹಾಗೆ, ಇದು ಹೊರಗಿನ ಗಾಳಿಯಲ್ಲಿರುವ ಶಾಖವನ್ನು ಹೀರಿ ಟ್ಯಾಂಕಿನ ನೀರಿಗೆ ಬಿಡುತ್ತದೆ. ಕಂಪ್ರೆಸರಿಗೆ ಒಂದು ಯೂನಿಟ್ ಕರೆಂಟು ಕೊಟ್ಟರೆ ನೀರಿಗೆ ಮೂರರಿಂದ ನಾಲ್ಕು ಯೂನಿಟ್ ಶಾಖ ಸೇರುತ್ತದೆ. ಈ ಪ್ರಮಾಣಕ್ಕೆ ಸಿ.ಒ.ಪಿ. ಎಂದು ಹೆಸರು. ಅದು 4 ಇದ್ದರೆ ಉಳಿತಾಯ ಶೇ. 75, 3 ಇದ್ದರೆ ಶೇ. 67. ಗಾಳಿ ತಣ್ಣಗಾದಷ್ಟೂ, ನೀರನ್ನು ಹೆಚ್ಚು ಕಾಯಿಸಿದಷ್ಟೂ ಇದು ಇಳಿಯುತ್ತದೆ. ಆದ್ದರಿಂದ ಕ್ಯಾಟಲಾಗಿನ ಅಂಕಿಯನ್ನು ಹಾಗೆಯೇ ತೆಗೆದುಕೊಳ್ಳದೆ ವರ್ಷದ ಸರಾಸರಿಯನ್ನು 3 ಎಂದು ಹಿಡಿಯುವುದು ಒಳ್ಳೆಯದು.

ಈಗ ಬಕೆಟ್ಟಿನಿಂದ ಲೆಕ್ಕ ಶುರು ಮಾಡೋಣ. ಒಂದು ಲೀಟರ್ ನೀರು ಒಂದು ಡಿಗ್ರಿ ಬಿಸಿಯಾಗಲು ಒಂದು ಕಿಲೋಕ್ಯಾಲರಿ ಬೇಕು. 860 ಕಿಲೋಕ್ಯಾಲರಿಗೆ ಒಂದು ಯೂನಿಟ್. ತಲೆಸ್ನಾನದ ದಿನ ಹೆಚ್ಚು, ಉಳಿದ ದಿನ ಕಡಿಮೆ ಎಂದು ಸರಿದೂಗಿಸಿ ಐವರಿಗೆ ದಿನಕ್ಕೆ 18 ಲೀಟರಿನ ಏಳು ಬಕೆಟ್ ಎಂದಿಟ್ಟುಕೊಂಡರೆ 126 ಲೀಟರ್ ಆಯಿತು. ಮಾಳಿಗೆಯ ಟ್ಯಾಂಕಿನ ನೀರು ವರ್ಷದ ಸರಾಸರಿಯಲ್ಲಿ 24 ಡಿಗ್ರಿ, ಮೈಗೆ ಹಿತವಾದ ಬಿಸಿ 41 ಡಿಗ್ರಿ ಎಂದರೆ 17 ಡಿಗ್ರಿ ಏರಿಸಬೇಕು. 126ನ್ನು 17ರಿಂದ ಗುಣಿಸಿ 860ರಿಂದ ಭಾಗಿಸಿದರೆ ಎರಡೂವರೆ ಯೂನಿಟ್ ಬರುತ್ತದೆ. ಗೀಸರಿನಿಂದಲೂ ಪೈಪಿನಿಂದಲೂ ಸೋರುವ ಶಾಖಕ್ಕೆ ಅರ್ಧ ಯೂನಿಟ್ ಸೇರಿಸಿದರೆ ದಿನಕ್ಕೆ 3, ತಿಂಗಳಿಗೆ 90 ಯೂನಿಟ್.

ಇದು ಕಾಗದದ ಮೇಲಿನ ಲೆಕ್ಕವಾದ್ದರಿಂದ ಒಂದು ಬೆಳಿಗ್ಗೆ ಮೀಟರಿನ ಮುಂದೆ ನಿಂತು ತಾಳೆ ನೋಡಿ. ಫ್ರಿಜ್ ಸೇರಿದಂತೆ ಉಳಿದ ಎಲ್ಲವನ್ನೂ ಆರಿಸಿ ಗೀಸರ್ ಒಂದನ್ನೇ ಹಾಕಿ, ಮನೆಯವರ ಸ್ನಾನಕ್ಕೆ ಮೊದಲು ಒಮ್ಮೆ, ಎಲ್ಲರದೂ ಮುಗಿದ ಮೇಲೆ ಇನ್ನೊಮ್ಮೆ ಅಂಕಿ ಬರೆದುಕೊಳ್ಳಿ. ಮೀಟರಿನ ಪರದೆಯಲ್ಲಿ ಹಲವು ಅಂಕಿಗಳು ಒಂದಾದ ಮೇಲೊಂದು ಸರಿದು ಹೋಗುತ್ತವೆ; ಕೆ.ಡಬ್ಲ್ಯು.ಎಚ್. (ಅಂದರೆ ಯೂನಿಟ್) ಎಂದು ಪಕ್ಕದಲ್ಲಿ ಮೂಡುವುದನ್ನು ಮಾತ್ರ ಗುರುತು ಹಾಕಿಕೊಳ್ಳಬೇಕು. ನನ್ನ ಮನೆಯಲ್ಲಿ ಹೀಗೆ ಅಳೆದಾಗ ಮೀಟರಿನ ಅಂಕಿ ನಾನು ಹಾಕಿದ್ದ ಲೆಕ್ಕಕ್ಕಿಂತ ಸಾಕಷ್ಟು ಹೆಚ್ಚಿತ್ತು. ಕಾರಣ ಹುಡುಕಿದರೆ, ಗೀಸರ್ ಆರಿಸುವುದನ್ನು ಮರೆತು ಮಧ್ಯಾಹ್ನದವರೆಗೂ ಬಿಡುವ ಅಭ್ಯಾಸ ನನಗೇ ಇತ್ತು.

ಹೀಟ್ ಪಂಪಿನ ಜೊತೆಗೆ 150 ಅಥವಾ 200 ಲೀಟರಿನ ಟ್ಯಾಂಕ್ ಬರುತ್ತದೆ. ಅದು ದೊಡ್ಡದು, ಇಡೀ ದಿನ ಬಿಸಿಯಾಗಿರುತ್ತದೆ. ಹಾಗಾಗಿ ಸೋರುವ ಶಾಖವನ್ನು ಅರ್ಧದ ಬದಲು ಒಂದು ಯೂನಿಟ್ ಎಂದು ಹಿಡಿಯಬೇಕು. ಎರಡೂವರೆಗೆ ಒಂದು ಸೇರಿಸಿ ಮೂರರಿಂದ ಭಾಗಿಸಿದರೆ ದಿನಕ್ಕೆ 1.2 ಯೂನಿಟ್. ಅಂದರೆ ಉಳಿಯುವುದು ದಿನಕ್ಕೆ 1.8, ತಿಂಗಳಿಗೆ 54 ಯೂನಿಟ್. ತೆರಿಗೆ, ಮೇಲ್ಶುಲ್ಕ ಎಲ್ಲ ಸೇರಿಸಿ ಯೂನಿಟ್ಟಿಗೆ ಏಳು ರೂಪಾಯಿ ಎಂದರೂ ವರ್ಷಕ್ಕೆ ಸುಮಾರು 4,500 ರೂಪಾಯಿ. ಈ ವೇಗದಲ್ಲಿ 1,10,000 ರೂಪಾಯಿ ವಾಪಸು ಬರಲು 24 ವರ್ಷ ಬೇಕು, ಯಂತ್ರ ಅಷ್ಟು ಕಾಲ ಬಾಳುವುದೇ ಅನುಮಾನ.

ಆದರೆ ನಿಮ್ಮ ವಿಷಯದಲ್ಲಿ ಲೆಕ್ಕ ಇಲ್ಲಿಗೇ ನಿಲ್ಲುವುದಿಲ್ಲ. ಗೃಹಜ್ಯೋತಿಯಲ್ಲಿ 2022–23ರ ಸರಾಸರಿಯಾದ 165ಕ್ಕೆ ಶೇ. 10 ಸೇರಿಸಿದರೆ ನಿಮ್ಮ ಅರ್ಹ ಬಳಕೆ 181 ಯೂನಿಟ್. 200 ದಾಟಿದ ತಿಂಗಳು ಪೂರ್ತಿ ಬಿಲ್ಲು. 181ರಿಂದ 200ರ ನಡುವೆ ಇದ್ದರೆ ಹೆಚ್ಚುವರಿ ಯೂನಿಟ್ಟಿಗೆ ಮಾತ್ರ ಹಣ. 181ರ ಒಳಗೆ ಬಂದರೆ ಬಿಲ್ಲು ಶೂನ್ಯ. 230ರಲ್ಲಿ 54 ಕಳೆದರೆ 176. ಹೀಗಾಗಿ ನೀವು ಉಳಿಸಿದ್ದು 54 ಯೂನಿಟ್ಟೇ ಆದರೂ ನಿಮ್ಮ ಕೈಯಲ್ಲಿ ಉಳಿಯುವುದು 230 ಯೂನಿಟ್ಟಿನ ಹಣ, ಅಂದರೆ ತಿಂಗಳಿಗೆ 1,600 ರೂಪಾಯಿಗೂ ಮೇಲೆ. ಆಗ ಆರು ವರ್ಷದೊಳಗೆ ಅಸಲು ಬರುತ್ತದೆ. ಇದಕ್ಕೆ ತದ್ವಿರುದ್ಧವಾಗಿ, ಈಗಾಗಲೇ ಶೂನ್ಯ ಬಿಲ್ಲು ಪಡೆಯುತ್ತಿರುವ ನಿಮ್ಮ ಪಕ್ಕದ ಮನೆಯವರು ಇದೇ ಯಂತ್ರ ಹಾಕಿಸಿದರೆ ಅವರ ಜೇಬಿಗೆ ಬಿಡಿಗಾಸೂ ಉಳಿಯುವುದಿಲ್ಲ.

ಹಾಗೆಂದು ಇವತ್ತೇ ಅಂಗಡಿಗೆ ಮುಂಗಡ ಕೊಡಬೇಡಿ. 181ರ ಒಳಗೆ ಬರಲು ನಿಮಗೆ ಬೇಕಾಗಿರುವುದು 49 ಯೂನಿಟ್ಟಿನ ಕಡಿತ. ಅದನ್ನು ಹೀಟ್ ಪಂಪಿನಿಂದಲೇ ಮಾಡಬೇಕೆಂಬ ನಿಯಮವೇನೂ ಇಲ್ಲ. ಬಿಸಿಲಿಗೆ ಕೊರತೆಯಿಲ್ಲದ ನಮ್ಮ ಬಯಲುಸೀಮೆಯಲ್ಲಿ ಸೋಲಾರ್ ವಾಟರ್ ಹೀಟರ್ ಇದಕ್ಕಿಂತ ಬಹಳ ಕಡಿಮೆ ಹಣದಲ್ಲಿ ಆ ಕೆಲಸ ಮಾಡುತ್ತದೆ. ಮೋಡ ಕವಿದ ಆಷಾಢ-ಶ್ರಾವಣದಲ್ಲಿ ಮಾತ್ರ ಗೀಸರನ್ನು ಆಶ್ರಯಿಸಬೇಕಾಗುತ್ತದೆ. ಮಾಳಿಗೆಯ ಮೇಲೆ ಜಾಗ ಅಥವಾ ಹಕ್ಕು ಇಲ್ಲದ ಮನೆಯವರಿಗೆ, ದಿನಕ್ಕೆ ಸಾವಿರಾರು ಲೀಟರ್ ಬಿಸಿನೀರು ಬೇಕಾದ ಹಾಸ್ಟೆಲ್, ಕಲ್ಯಾಣಮಂಟಪಗಳಿಗೆ ನಾನು ಹೀಟ್ ಪಂಪನ್ನೇ ಹೇಳುತ್ತೇನೆ.

ಹಾಕಿಸಿಯೇ ತೀರುತ್ತೀರಾದರೆ ಎರಡು ಮಾತು. ಟೈಮರನ್ನು ಬೆಳಗಿನ ಜಾವ ಐದಕ್ಕಲ್ಲ, ಮಧ್ಯಾಹ್ನ ಎರಡಕ್ಕೆ ಇಡಿ. ಚಳಿಗಾಲದಲ್ಲಿ ಆ ಎರಡು ಹೊತ್ತಿನ ಗಾಳಿಗೆ ಹತ್ತು ಡಿಗ್ರಿಗೂ ಹೆಚ್ಚು ಅಂತರವಿರುತ್ತದೆ, ಟ್ಯಾಂಕ್ ಆ ಬಿಸಿಯನ್ನು ಮರುದಿನ ಬೆಳಿಗ್ಗೆಯವರೆಗೆ ಕಾಯುತ್ತದೆ. ಎರಡನೆಯದು ಬೋರ್‌ವೆಲ್ ನೀರು. ಮೂರು ವರ್ಷ ಓಡಿದ ನನ್ನ ಗೀಸರಿನ ಕಾಯಿಲನ್ನು ಬಿಚ್ಚಿದಾಗ ಅದರ ಸುತ್ತ ಮೊಟ್ಟೆಯ ಸಿಪ್ಪೆಯಂತಹ ಬಿಳಿಯ ಸುಣ್ಣ ಪದರ ಪದರವಾಗಿ ಕಟ್ಟಿತ್ತು, ಸ್ಕ್ರೂಡ್ರೈವರಿನಿಂದ ಕೆರೆದರೆ ಒಂದು ಬೊಗಸೆ ಉದುರಿತು. ನೀರಿನೊಳಗೆ ಮುಳುಗಿರುವ ಕೊಳವೆಯ ಹೀಟ್ ಪಂಪಿಗೂ ಇದೇ ಗತಿ. ಶಾಖ ನೀರಿಗೆ ದಾಟದೆ ಸಿ.ಒ.ಪಿ. ಇಳಿಯುತ್ತದೆ. ಕೊಳವೆಯನ್ನು ಟ್ಯಾಂಕಿನ ಹೊರಮೈಗೆ ಸುತ್ತಿರುವ ಮಾದರಿಯನ್ನೇ ಕೇಳಿ.

ಪ್ರಶ್ನೆ: ಟೊರಾಂಟೊದಲ್ಲಿರುವ ನಮ್ಮ ಮಗಳ ಮನೆಯನ್ನು ಚಳಿಗಾಲದಲ್ಲಿ ಗ್ಯಾಸ್ ಫರ್ನೇಸ್ ಬೆಚ್ಚಗಿಡುತ್ತದೆ. ಅದನ್ನು ಉಳಿಸಿಕೊಂಡು ಜೊತೆಗೆ ಹೀಟ್ ಪಂಪ್ ಸೇರಿಸಿದರೆ ಖರ್ಚು ಅರ್ಧವಾಗುತ್ತದೆ ಎಂದು ಅಲ್ಲಿಯ ಗುತ್ತಿಗೆದಾರರು ಹೇಳಿದ್ದಾರಂತೆ. ವರ್ಷಕ್ಕೆ 2,000 ಘನ ಮೀಟರ್ ಗ್ಯಾಸ್, ಬೇಸಿಗೆಯಲ್ಲಿ ತಿಂಗಳಿಗೆ 40. ಫರ್ನೇಸಿನ ದಕ್ಷತೆ ಶೇ. 92. ಚಿಂತಾಮಣಿಯಲ್ಲಿ ಕೂತು ಇದನ್ನು ಲೆಕ್ಕ ಹಾಕಬಹುದೇ?

ಉತ್ತರ: ಖಂಡಿತ ಹಾಕಬಹುದು, ನೀವು ಬೇಸಿಗೆಯ ಅಂಕಿಯನ್ನೂ ಕೊಟ್ಟಿರುವುದರಿಂದ ಅರ್ಧ ಕೆಲಸ ಆಗಿಯೇ ಹೋಗಿದೆ. ಬೇಸಿಗೆಯ 40 ಘನ ಮೀಟರ್ ಸ್ನಾನ ಮತ್ತು ಅಡುಗೆಯದು. ಅದನ್ನು ಹನ್ನೆರಡು ತಿಂಗಳಿಗೆ ಗುಣಿಸಿ ಕಳೆದರೆ ಮನೆ ಬೆಚ್ಚಗಿಡಲು ಉರಿದದ್ದು 1,520 ಘನ ಮೀಟರ್. ಒಂದು ಘನ ಮೀಟರಿನಲ್ಲಿ ಸುಮಾರು 10.5 ಯೂನಿಟ್ ಶಾಖವಿರುತ್ತದೆ. ಆದ್ದರಿಂದ ಉರಿದ ಶಾಖ 15,960 ಯೂನಿಟ್, ಅದರ ಶೇ. 92ರಂತೆ ಮನೆಯೊಳಗೆ ಬಂದದ್ದು ಸುಮಾರು 14,700.

ಕಡುಚಳಿಯಲ್ಲಿ ಹೀಟ್ ಪಂಪಿನ ಕಸುವು ಕುಗ್ಗುವುದರಿಂದ ಆಗ ಕೆಲಸವನ್ನು ಫರ್ನೇಸಿಗೆ ಬಿಡುತ್ತಾರೆ. ಮೂರರಲ್ಲಿ ಎರಡು ಪಾಲು ಶಾಖವನ್ನು, ಅಂದರೆ 9,800 ಯೂನಿಟ್ಟನ್ನು ಹೀಟ್ ಪಂಪ್ ಕೊಡುತ್ತದೆ, ಅದರ ಸರಾಸರಿ ಸಿ.ಒ.ಪಿ. 2.8 ಎಂದು ಊಹಿಸಿದರೆ 3,500 ಯೂನಿಟ್ ಕರೆಂಟು ಬೇಕು. ಉಳಿದ ಒಂದು ಪಾಲಿನ ಗ್ಯಾಸ್ 5,320 ಯೂನಿಟ್. ಒಟ್ಟು 8,820. ಮನೆ ಬೆಚ್ಚಗಿಡುವ ಇಂಧನ ಶೇ. 45ರಷ್ಟು ಇಳಿಯಿತು, ಆ ಮಟ್ಟಿಗೆ ಗುತ್ತಿಗೆದಾರರ ಮಾತು ಸರಿ.

ಆದರೆ ಅವರು ಅರ್ಧವಾಗುತ್ತದೆ ಎಂದದ್ದು ಖರ್ಚನ್ನು. ಇಂಧನ ಇಳಿದ ಮಾತ್ರಕ್ಕೆ ಖರ್ಚು ಅದೇ ಲೆಕ್ಕದಲ್ಲಿ ಇಳಿಯಬೇಕೆಂದಿಲ್ಲ, ಏಕೆಂದರೆ ಅಲ್ಲಿ ಅಗ್ಗದ ಗ್ಯಾಸಿನ ಜಾಗಕ್ಕೆ ಬರುತ್ತಿರುವುದು ದುಬಾರಿಯಾದ ಕರೆಂಟು. ಒಂದು ಘನ ಮೀಟರ್ ಗ್ಯಾಸ್ ಈ ಫರ್ನೇಸಿನಲ್ಲಿ ಕೊಡುವ ಶಾಖವನ್ನು ಹೀಟ್ ಪಂಪ್ ಕೊಡಬೇಕಾದರೆ ಸುಮಾರು ಮೂರೂವರೆ ಯೂನಿಟ್ ಕರೆಂಟು ಬೇಕು. ನಿಮ್ಮ ಮಗಳು ಎರಡೂ ಬಿಲ್ಲುಗಳನ್ನು ಮುಂದಿಟ್ಟುಕೊಂಡು, ಸಾಗಣೆ ಶುಲ್ಕ ಮತ್ತು ತೆರಿಗೆ ಸೇರಿದ ದರವನ್ನು ಹೋಲಿಸಲಿ. ಮೂರೂವರೆ ಯೂನಿಟ್ಟಿನ ಬೆಲೆ ಒಂದು ಘನ ಮೀಟರಿನ ಬೆಲೆಗಿಂತ ಹೆಚ್ಚಿದ್ದರೆ ಇಂಧನ ಉಳಿದೂ ಹಣ ಉಳಿಯುವುದಿಲ್ಲ. ಅಲ್ಲಿ ಹೊತ್ತಿಗೊಂದು ಕರೆಂಟಿನ ದರವೂ ಇರುವುದರಿಂದ ಹಗಲಿನ ದರಕ್ಕೆ ಒಮ್ಮೆ, ರಾತ್ರಿಯ ದರಕ್ಕೆ ಒಮ್ಮೆ ಈ ಹೋಲಿಕೆ ಮಾಡಬೇಕು. ಜೊತೆಗೆ ಒಂದೇ ವರ್ಷದ ಬಿಲ್ಲನ್ನು ನೆಚ್ಚದೆ ಮೂರು ಚಳಿಗಾಲದ ಸರಾಸರಿ ತೆಗೆಯಲು ಹೇಳಿ. ಕಳೆದ ಚಳಿಗಾಲ ಮೆತ್ತಗಿದ್ದಿದ್ದರೆ 2,000 ಎಂಬ ಅಂಕಿಯೇ ಕಡಿಮೆಯಾಗಿರುತ್ತದೆ.